ಕಡಲ ಕಡೆಯ ಬಾಗಿಲು
ಲೆಬನಾನಿನ ಆ ಬೆಸ್ತರ ಊರಿನಲ್ಲಿ ಮಾತೆಯ ಹಳೆಯ ಚರ್ಚಿನ ಬೀಗದ ಕೈ ಸದಾ ಉಮ್ ಗತ್ತಾಸಳ, ಅಂದರೆ ಗತ್ತಾಸನ ತಾಯಿಯ, ಸೊಂಟದಲ್ಲೇ ಇರುತ್ತದೆ. ಚರ್ಚಿನ ಕತೆ ಮಾತ್ರ ದಿನಕ್ಕೊಂದು ಬಗೆ. ಬಂದವರು ವ್ಯಾಪಾರಿಗಳಾದರೆ ಅದನ್ನು ಕಟ್ಟಿಸಿದವನು ಬಿರುಗಾಳಿಯಲ್ಲಿ ಹರಕೆ ಹೊತ್ತ ರೇಷ್ಮೆ ವ್ಯಾಪಾರಿ, ಬೆಸ್ತರಾದರೆ ಮೀನಿನ ಬೆನ್ನೇರಿ ದಡ ಸೇರಿದ ಬೆಸ್ತ, ಮದುವೆ ವಯಸ್ಸಿನ ಹುಡುಗಿಯರಾದರೆ ಹಡಗು ಒಡೆದ ರಾಜಕುಮಾರ. ಹೊಸದಾಗಿ ಬಂದ ಪಾದ್ರಿಗೆ, ಊರವರ ಬಾಯಲ್ಲಿ ‘ಅಬೂನಾ’ಗೆ, ನಿಜ ಯಾವುದೆಂಬ ಕುತೂಹಲ. "ನಿನ್ನೆ ಬೇರೆ ಹೇಳಿದ್ರಲ್ಲಮ್ಮ?" ಎಂದರೆ, ಬತ್ತಿ ಹೊಸೆಯುತ್ತಲೇ, "ನಿನ್ನೆ ಕಡಲೂ ಬೇರೆ ಇತ್ತು, ಅಬೂನಾ. ದೀಪಕ್ಕೆ ಎಣ್ಣೆ ತಂದ್ರಾ?" ಎನ್ನುವಳು. ಕೇಳಿ ಕೇಳಿ ಪಾದ್ರಿಗೆ ಒಂದು ಸಂಗತಿ ಹೊಳೆಯಿತು. "ನಿಮ್ಮ ಕತೇಲಿ ಒಬ್ಬರೂ ಮುಳುಗೋದೇ ಇಲ್ವಲ್ಲ?" "ಮುಳುಗಿದೋರು ಬಂದು ಚರ್ಚು ಕಟ್ಟಿಸ್ತಾರಾ?" ಎಂದು ನಕ್ಕಳು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಊರ ಕಡೆಯ ಬಾಗಿಲಿಗೆ ಬೀಗ ಜಡಿದು, ಕಡಲ ಕಡೆಯದನ್ನು ಎಂದಿನಂತೆ ಬೀಗ ಹಾಕದೆ ಬರೀ ಮುಂದೆ ಮಾಡಿದಳು. ರಾತ್ರಿ ಮಾತೆ ದೋಣಿಗಳನ್ನು ಕಾಯಲು ಅಲ್ಲಿಂದಲೇ ಹೋಗುತ್ತಾಳೆಂದು ಊರಿನ ನಂಬಿಕೆ. "ಮಾತೆಗೆ ಬೀಗ ಅಡ್ಡ ಬರುತ್ತೇನಮ್ಮ?" ಎಂದು ಪಾದ್ರಿ ಕೆಣಕಿದರು. ಮೀಸೆ ಚಿಗುರುವ ವಯಸ್ಸಿನಲ್ಲಿ ಬಲೆ ಹೊತ್ತು ಕಡಲಿಗೆ ಹೋಗಿ ಇನ್ನೂ ಮರಳದ ಗತ್ತಾಸನ ತಾಯಿ ಈಗ ನಗಲಿಲ್ಲ. "ಅವಳಿಗಲ್ಲ, ಅಬೂನಾ. ನನ್ನ ಮಗನ ಹತ್ರ ಬೀಗದ ಕೈ ಇಲ್ಲ."