ಅಣ್ಣನ ಸೂಜಿ ಬಿಡಿಸಿದ್ದು ನಾನು

ಅತ್ತಿಗೆ, ನನ್ನ ಹಸಿರು ಪುಡಿ ಅಣ್ಣನ ಸೂಜಿಯ ಬದಲಿಗೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೊದಮೊದಲು ಗೊತ್ತಿರಲಿಲ್ಲ — ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಒಂದು ಇಡೀ ಬೇಸಿಗೆ, ಅದರ ಹಿಂದೆ ಬಂದ ಮಳೆಗಾಲ, ಆಮೇಲೂ ಇಷ್ಟು ಕಾಲ, ಬಾಯಿ ಬಿಡದೆ ಇದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೊರಟರೆ ಮತ್ತೆ ಹೇಳದೆಯೇ ಉಳಿದುಬಿಡುತ್ತೇನೆ.

ಅಣ್ಣ ಮಧುಗಿರಿ–ಪಾವಗಡ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸವೆದವನು. ಕೆಲಸ ಬಿಟ್ಟ ಮೇಲೂ ಊಟಕ್ಕೆ ಕೂತಾಗ ಸ್ಟಾಪುಗಳ ಹೆಸರನ್ನು ಒಂದರ ಹಿಂದೊಂದು ಕೂಗಿ ನಮ್ಮನ್ನು ನಗಿಸುತ್ತಿದ್ದ. ಒಂದು ದಿನ ಮಿಡಿಗೇಶಿಯನ್ನು ಬಿಟ್ಟ. ಅದಕ್ಕೂ ನಕ್ಕೆವು. ಆಮೇಲಾಮೇಲೆ ಪಾವಗಡವೇ ಅವನ ಬಾಯಿಗೆ ಬರಲಿಲ್ಲ. ಪಾದ ಜೋಮು ಹಿಡಿದಂತಿದೆ ಎನ್ನುತ್ತಿದ್ದ, ಚಪ್ಪಲಿ ಕಳಚಿಹೋದರೂ ತಿಳಿಯದೆ ನಡೆಯುತ್ತಿದ್ದ. ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ನೀವು. ರಕ್ತದಲ್ಲಿ ಬಿ-ಹನ್ನೆರಡು ತೀರಾ ಇಳಿದಿದೆ, ಮರೆವು ಅದರಿಂದಲೇ ಇರಬೇಕು, ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ ಎಂದಿದ್ದರು ಅವರು.

ಆ ಹೊತ್ತಿಗೆ ನಾನು ಕೊಳಾಲದ ನಮ್ಮ ಮನೆಯ ಹಿಂದೆ ಸಿಮೆಂಟ್ ತೊಟ್ಟಿ ಕಟ್ಟಿ ಸ್ಪಿರುಲಿನಾ ಪಾಚಿ ಬೆಳೆಸಲು ಶುರು ಮಾಡಿದ್ದೆ. ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಪುಡಿ ಮಾಡುವುದು. ಇಂಥ ಸೂಕ್ಷ್ಮ ಪಾಚಿಗಳ ಸಾರ ಮಿದುಳನ್ನು ಮರೆವಿನ ಕಾಯಿಲೆಯಿಂದ ಕಾಪಾಡಬಹುದು, ವಿಜ್ಞಾನಿಗಳು ಇನ್ನೂ ಪರೀಕ್ಷಿಸುತ್ತಿದ್ದಾರೆ ಎಂದು ಎಲ್ಲೋ ಓದಿದ್ದೆ. ಅದರಲ್ಲಿದ್ದ ‘ಬಹುದು’ಗಳನ್ನೆಲ್ಲ ನುಂಗಿ ನಿಮಗೆ ಹೇಳಿದೆ. ನೀವು ನಂಬಿದಿರಿ. ಸೂಜಿ ಹಾಕಿಸುತ್ತಲೇ ದಿನಾ ಮಜ್ಜಿಗೆಯಲ್ಲಿ ಕಲಸಿ ಕುಡಿಸಿದಿರಿ.

ಅಣ್ಣ ಚೇತರಿಸಿಕೊಂಡ. ನಿಮ್ಮ ಮಗಳು ಶೈಲಾಳ ಮಗುವಿನ ನಾಮಕರಣದ ದಿನ ನೆಂಟರ ನಡುವೆ ಎದ್ದು ನಿಂತು ಒಂದೂ ಸ್ಟಾಪು ಬಿಡದೆ, ಕನ್ನಡ ತೆಲುಗು ಎರಡರಲ್ಲೂ ಕೂಗಿದ — “ಪಾವಗಡ, ಪಾವಗಡ! ಇಳ್ಕೊಳ್ರಪ್ಪಾ, ದಿಗಂಡಿ ದಿಗಂಡಿ!” ನೀವು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನನ್ನ ಮೈದ್ನ ಕಣ್ರಮ್ಮ ಇವ್ರನ್ನ ವಾಪಸ್ ತಂದಿದ್ದು,” ಎಂದಿರಿ. ಸೂಜಿಯಿಂದ ಆಗಿರಬಹುದು ಎಂದು ನನಗೆ ಹೊಳೆಯಲಿಲ್ಲ — ಇಲ್ಲ, ಹೊಳೆಯಿತು. ಹೊಳೆದದ್ದನ್ನು ಬದಿಗೆ ಸರಿಸಿದೆ. ನಮ್ಮ ಮನೆತನದಲ್ಲಿ ಅದುವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ.

ಮುಂದಿನ ಸೂಜಿಯ ದಿನ ನೀವು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಿರಿ. “ಸೂಜಿ ಅಂದ್ರೆ ಮಕ್ಳಂಗೆ ಅಳ್ತಾರೆ ಕಣಪ್ಪ, ಹೆಂಗೆ ಎಳ್ಕೊಂಡು ಹೋಗ್ಲಿ?” ಎಂದಿರಿ.

“ಬುಡಿ ಅತ್ತಿಗೆ,” ಎಂದೆ. “ಆ ಸೂಜೀಲಿ ಇರೋದೇ ನನ್ನ ಪುಡೀಲೂ ಐತೆ.”

ಇಷ್ಟೇ ಮಾತು. ನೀವು ಒಬ್ಬರೇ ಕೇಳಿಸಿಕೊಂಡದ್ದು.

ಆಮೇಲೆ ಪಾಚಿ ಬೆಳೆಸುವವರಿಗೆಂದು ಸಿರಾದಲ್ಲಿ ಒಂದು ತರಬೇತಿ ನಡೆಯಿತು. ಪಾಠ ಮಾಡಲು ಬಂದಿದ್ದ ವಿಜ್ಞಾನಿ ಹೆಣ್ಣುಮಗಳನ್ನು ನಾನೇ ಕೇಳಿದೆ, ಇದರಲ್ಲಿ ಬಿ-ಹನ್ನೆರಡು ಹೇರಳವಾಗಿ ಇದೆಯಲ್ಲವೇ ಎಂದು. “ಇರೋದು ಹೆಚ್ಚಿನಂಶ ಅದರ ಹಾಗೆ ಕಾಣೋ ಇನ್ನೊಂದು ಪದಾರ್ಥ. ಅದು ನಮ್ಮ ಮೈಗೆ ದಕ್ಕಲ್ಲ. ಯಾರಾದ್ರೂ ಇದನ್ನ ನಂಬಿ ಔಷಧಿ ಬಿಟ್ಟಿದ್ರೆ ಇವತ್ತೇ ಶುರು ಮಾಡಿಸಿ,” ಎಂದರು ಆಕೆ. ನಾನು ತಲೆಯಾಡಿಸಿದೆ.

ಅಲ್ಲಿಂದ ನೇರ ಮಧುಗಿರಿಗೆ, ನಿಮ್ಮ ಮನೆಗೇ ಬಂದೆ. ಹೇಳಬೇಕೆಂದೇ ಬಂದೆ. ಪಕ್ಕದ ಮನೆಯ ಷಾಹಿದಾಬಿ ತಮ್ಮ ತಾಯಿಗೂ ಪುಡಿ ಬೇಕೆಂದು ಕಾದು ಕೂತಿದ್ದರು. “ನಮ್ಮನೆ ಡಾಕ್ಟ್ರು ಬಂದ್ರು ನೋಡಿ,” ಎಂದು ನೀವು ನಕ್ಕಿರಿ. ಅವರಿಗೆ ಪುಡಿ ಮುಗಿದಿದೆ ಎಂದು ಸುಳ್ಳು ಹೇಳಿದೆ — ಅಷ್ಟರಮಟ್ಟಿಗೆ ಮನಸ್ಸು ಎಚ್ಚರವಾಗಿತ್ತು. ನಿಮಗೆ ಏನೂ ಹೇಳಲಿಲ್ಲ. ನೀವು ಬಡಿಸಿದ ಹುರುಳಿಸಾರು ಉಂಡೆ. ಅಣ್ಣ ಎರಡು ಸಲ ಕೇಳಿದ, ಯಾವ ಬಸ್ಸಿಗೆ ಬಂದೆ ಎಂದು. ಎರಡು ಸಲವೂ ಉತ್ತರ ಕೊಟ್ಟು ಎದ್ದು ಬಂದೆ.

ನಾಳೆ ಹೇಳೋಣ ಎಂದುಕೊಂಡೆ. ಹಾಗೆಯೇ...

ಅಣ್ಣ ಬಚ್ಚಲಲ್ಲಿ ಬಿದ್ದ ಮೇಲೆ ಮತ್ತೆ ಅದೇ ಡಾಕ್ಟರ ಮುಂದೆ ಕೂತೆವು. “ಇಂಜೆಕ್ಷನ್ ನಿಲ್ಲಿಸಿದ್ದು ಯಾರು?” ಎಂದು ಕೇಳಿದರು. ನಾನು ನಿಮ್ಮ ಕುರ್ಚಿಯ ಹಿಂದೆಯೇ ನಿಂತಿದ್ದೆ. ನೀವು ತಿರುಗಿ ಕೂಡ ನೋಡಲಿಲ್ಲ. “ನಾನೇ ಸಾರ್. ಅಳೋದು ನೋಡಕ್ಕಾಗ್ದೆ ಬುಟ್ಬುಟ್ಟೆ,” ಎಂದಿರಿ. ಸೂಜಿ ಮತ್ತೆ ಶುರುವಾಯಿತು. ಆದರೆ ಹಾಳಾದ ನರ ಪೂರ್ತಿ ಮರಳುವುದು ಕಷ್ಟ ಎಂದರು. ಮರಳಲಿಲ್ಲ. ಈಗ ಅವನು ಗೋಡೆ ಹಿಡಿದು ನಡೆಯುತ್ತಾನೆ, ನಿಮ್ಮನ್ನು ಅಮ್ಮಾ ಎಂದು ಕರೆಯುತ್ತಾನೆ.

“ಅಪ್ಪನ್ನ ನೀನೇ ಇಂಗೆ ಮಾಡ್ಬುಟ್ಟೆ,” ಎಂದು ಶೈಲಾ ನಿಮ್ಮ ಮೇಲೆ ಕೂಗಾಡಿ ಹೋದಾಗಲೂ ನಾನು ಅಲ್ಲೇ ಇದ್ದೆ. ಅವಳು ತವರಿಗೆ ಕಾಲಿಡುವುದನ್ನೇ ಬಿಟ್ಟಳು. ಮೊಮ್ಮಗು ನಡೆಯಲು ಕಲಿತದ್ದನ್ನು ನೀವು ಫೋನಿನಲ್ಲಿ ನೋಡಿದಿರಿ.

ನನಗೆ ಅಳು ಬರುವುದಿಲ್ಲ ಅತ್ತಿಗೆ. ಬಂದಿದ್ದರೆ ಯಾವತ್ತೋ ಹೇಳಿಬಿಡುತ್ತಿದ್ದೆನೋ ಏನೋ. ತೊಟ್ಟಿಗಳನ್ನು ಒಡೆಸಿ ಬಹಳ ಕಾಲವಾಯಿತು. ಒಡೆಸುವಾಗಲೂ ಏನೂ ಅನ್ನಿಸಲಿಲ್ಲ. ಪಾಚಿಯದೇನು ತಪ್ಪು? ಮುಂದೊಂದು ದಿನ ಅದರ ಸಾರದಿಂದ ಯಾರದೋ ನೆನಪು ಉಳಿದೀತು, ಅದು ಕಲಿತವರಿಗೆ ಬಿಟ್ಟದ್ದು. ಅಣ್ಣನಿಗೆ ಬೇಕಾಗಿದ್ದದ್ದು ಅದಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ.

ನಿನ್ನೆ ಶೈಲಾಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. “ಅಮ್ಮಂಗೆ ಹೇಳಿದ್ರಾ ಚಿಕ್ಕಪ್ಪ?” ಎಂದಳು. ಇಲ್ಲ ಎಂದೆ. ಫೋನ್ ಇಟ್ಟಳು.

ಈಗ ನಿಮಗೂ ಹೇಳಿದ್ದೇನೆ. ಅವಳು ಮಗುವನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತಾಳೆ ಎಂದುಕೊಂಡಿದ್ದೇನೆ. ನೀವು ಎಂಥವರೆಂದು ನನಗೆ ಗೊತ್ತು — ಹೋಗ್ಲಿ ಬುಡು, ಅವನಿಗೂ ಗೊತ್ತಿರ್ಲಿಲ್ಲ ಅಂತ ಅವಳ ಹತ್ತಿರ ಹೇಳಲು ಹೋಗುತ್ತೀರಿ. ಹಾಗೆ ಹೇಳಬೇಡಿ. ಅವಳ ಮುಂದೆ ನನ್ನನ್ನು ಕಾಪಾಡಬೇಡಿ.