ಪ್ಲಾಸ್ಟರ್ ಮೇಲೆ ದಿನಕ್ಕೆ ಮೂರು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಆ ಹೆಸರು ಸುಮ್ಮನೆ ಬಂದದ್ದಲ್ಲ. ತಗಡು ಒತ್ತಿ ಬಕೆಟ್, ಬೋಗುಣಿ ಮಾಡುವ ಪ್ರೆಸ್ಸಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವನು. ಅಷ್ಟರಲ್ಲಿ ಮೂವರ ಹಲ್ಲು ಉದುರಿಸಿ, ಒಬ್ಬನ ದವಡೆ ತಿರುಗಿಸಿದ್ದ. ಓದಿದ್ದು ನಾಲ್ಕನೇ ಕ್ಲಾಸು. ಐದರಲ್ಲಿ ಮೇಷ್ಟ್ರು ಬೆತ್ತ ಎತ್ತಿದಾಗ ಅದನ್ನೇ ಕಿತ್ತುಕೊಂಡು ಅವರಿಗೇ ನಾಲ್ಕು ಬಾರಿಸಿ ಹೊರಬಿದ್ದವನು ಮತ್ತೆ ಒಳಗೆ ಕಾಲಿಡಲಿಲ್ಲ.

ಹಳೆ ಪ್ರೆಸ್ ಗುಜರಿಗೆ ಹೋಗಿ ಹೊಸದು ಬಂತು. ಅದರ ಬೋರ್ಡಿನ ತುಂಬ ಗುಂಡಿ, ಗುಂಡಿಗೊಂದು ಇಂಗ್ಲಿಷ್ ಪದ. ಮ್ಯಾನೇಜರು ಹೇಳಿಬಿಟ್ಟರು:

"ಎರಡು ತಿಂಗಳು ಟೈಮು. ಬೋರ್ಡು ಓದಿ ಹೇಳಿದವನಿಗೆ ಮಷಿನ್ನು. ಆಗದಿದ್ದವನು ಹಿಂದುಗಡೆ ಲಾರಿಗೆ ಮಾಲು ಹೊರಲಿ."

ಅದೇ ಸಂಜೆ ಸುತ್ತಿಗೆ ಇಟ್ಟಿಗೆಯಂಥ ಇಂಗ್ಲಿಷ್ ಪುಸ್ತಕ ತಂದ. ದಿನಕ್ಕೆ ನೂರು ಪದ ನುಂಗುತ್ತೇನೆಂದು ಹಟ ಹಿಡಿದು ಕೂತ. ಮೂರನೇ ದಿನ ನೋಡಿದರೆ ಮೊದಲ ದಿನದ ನೂರರಲ್ಲಿ ಒಂದೂ ತಲೆಯಲ್ಲಿಲ್ಲ. ಪುಸ್ತಕವನ್ನು ಗೋಡೆಗೆ ಬೀಸಿದ. ಕನ್ನಡಿ ಚೂರುಚೂರಾಯಿತು.

"ಬಾಗಿಲೊಂದು ಉಳ್ಕೊಂಡಿದೆ, ಅದನ್ನೂ ಒಡೀರಿ," ಎಂದಳು ಹೆಂಡತಿ.

ಒಡೆದೇಬಿಟ್ಟ. ಹಲಗೆ ಸೀಳಿತು, ಬಲಗೈಯ ಎರಡು ಮೂಳೆ ಮುರಿದು ಚರ್ಮದಡಿ ಉಬ್ಬಿ ನಿಂತವು. ಮೊಣಕೈತನಕ ಪ್ಲಾಸ್ಟರ್ ಬಿತ್ತು.

ನೋಡಲು ಅಕ್ಕ ಬಂದಳು. ಔಷಧಿ ಕಂಪನಿಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವವಳು. ಅಂಟಿಸುತ್ತ ಅಂಟಿಸುತ್ತಲೇ ಇಂಗ್ಲಿಷ್ ಕಲಿತವಳು. ಅವನು ಈ ಭೂಮಿ ಮೇಲೆ ಹೆದರುತ್ತಿದ್ದದ್ದು ಅವಳೊಬ್ಬಳಿಗೆ.

"ಲೋ ಕತ್ತೆ, ತಗಡನ್ನ ಒಂದೇ ಏಟಿಗೆ ಆಳದ ಬಕೆಟ್ ಮಾಡ್ತೀಯೇನೋ?"

"ಹರಿದುಹೋಗತ್ತೆ ಅಕ್ಕ. ನಾಲ್ಕು ಏಟಲ್ಲಿ ಸ್ವಲ್ಪಸ್ವಲ್ಪ ಇಳಿಸಬೇಕು."

"ತಗಡಿಗೆ ಕೊಡೋ ಮರ್ಯಾದೆ ನಿನ್ನ ತಲೆಗೆ ಬೇಡ್ವಾ?"

ಅವನ ಫೋನಿನಲ್ಲಿದ್ದ ಬೋರ್ಡಿನ ಫೋಟೋ ನೋಡಿ, ಪ್ಲಾಸ್ಟರ್ ಮೇಲೆ ಮೂರು ಪದ, ಪಕ್ಕದಲ್ಲಿ ಅರ್ಥ ಬರೆದಳು. "ದಿನಕ್ಕೆ ಮೂರೇ. ಸಂಜೆ ಒಪ್ಪಿಸಬೇಕು. ನಾಲ್ಕನೇದು ಕೇಳಿದ್ರೆ ಎಡಗೈ ನಾನೇ ಮುರೀತೀನಿ."

ಕಾರ್ಖಾನೆಯಲ್ಲಿ ಅವನಿಗೆ ಒಂಟಿಕೈಯಲ್ಲಿ ಬಕೆಟ್ ಎಣಿಸುವ ಕೆಲಸ ಕೊಟ್ಟರು. ಎಣಿಸುತ್ತ ಪ್ಲಾಸ್ಟರ್ ನೋಡಿಕೊಳ್ಳುತ್ತಿದ್ದ. ಅದೇ ಮಷಿನ್ನಿನ ಮೇಲೆ ಕಣ್ಣಿಟ್ಟಿದ್ದ ಉದ್ದ ಕತ್ತಿನವನೊಬ್ಬನಿದ್ದ, ಕೊಕ್ಕರೆ ಅಂತ.

"ಏನಪ್ಪಾ ಸುತ್ತಿಗೆ, ಕಳೆದುಹೋದೀಯ ಅಂತ ಮೈಮೇಲೆ ವಿಳಾಸ ಬರೆಸ್ಕೊಂಡಿದೀಯಾ?"

ಸುತ್ತಿಗೆ ಪ್ಲಾಸ್ಟರ್ ಕೈಯಲ್ಲೇ ಬೀಸಿದ. ಕೊಕ್ಕರೆಯ ಮೂಗಿನ ರಕ್ತ ಬಕೆಟ್ಟಿನೊಳಗೆ ಸುರಿಯಿತು. ಆ ದಿನದ ಮೂರನೇ ಪದ ರಕ್ತದಲ್ಲಿ ಅಳಿಸಿಹೋಯಿತು. ಸಂಜೆ ಅಕ್ಕ ಅದನ್ನೇ ಮತ್ತೆ ಬರೆದಳು. ಬರೆಯುವ ಮೊದಲು ಅವನ ಕಿವಿ ರಕ್ತ ಬರುವಂತೆ ಹಿಂಡಿದಳು.

ಆರು ವಾರ ಕಳೆಯಿತು. ಬೋರ್ಡಿನ ಪದ ಮುಗಿದು ಮಷಿನ್ನಿನ ಪುಸ್ತಿಕೆಯ ಪದಗಳು ಶುರುವಾದವು. ಪ್ಲಾಸ್ಟರಿನಲ್ಲಿ ಬೆರಳಿಡಲು ಜಾಗ ಉಳಿಯಲಿಲ್ಲ. ಆಸ್ಪತ್ರೆಯವನು ಅದನ್ನು ಕತ್ತರಿಸಿ ಬುಟ್ಟಿಗೆ ಎಸೆಯಹೋದಾಗ ಸುತ್ತಿಗೆ ಅವನ ಕೊರಳಪಟ್ಟಿ ಹಿಡಿದ. "ಮುಟ್ಟಿದ್ರೆ ನಿಂಗೊಂದು ಪ್ಲಾಸ್ಟರ್ ಬೀಳತ್ತೆ." ಮನೆಗೆ ತಂದು ಮೊಳೆಗೆ ನೇತುಹಾಕಿದ. ಅಲ್ಲಿಂದ ಮುಂದೆ ಅಕ್ಕ ಬರಿಗೈ ಮೇಲೆ ಬರೆದಳು.

ಪರೀಕ್ಷೆಯ ದಿನ ಎಲ್ಲರೂ ಮಷಿನ್ನಿನ ಸುತ್ತ ನಿಂತರು. ಕೊಕ್ಕರೆ ಏಳು ಗುಂಡಿ ಓದಿ ನಿಂತುಹೋದ. ಸುತ್ತಿಗೆ ಬೋರ್ಡು ಪೂರ್ತಿ ಓದಿದ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದೂ ಹೇಳಿದ. ಮ್ಯಾನೇಜರಿಗೆ ನಂಬಿಕೆ ಬರಲಿಲ್ಲ. ಪುಸ್ತಿಕೆಯ ಕೊನೆ ಹಾಳೆ ತೆಗೆದು ಒಂದು ಪದದ ಮೇಲೆ ಬೆರಳಿಟ್ಟರು. ಸುತ್ತಿಗೆಗೆ ಅದು ಗೊತ್ತಿರಲಿಲ್ಲ.

"ಬಾಯಿಪಾಠ ಸಾರ್, ಗಿಳಿ!" ಎಂದು ಕೊಕ್ಕರೆ ನಕ್ಕ.

ಸುತ್ತಿಗೆ ಅವನ ಕತ್ತು ಹಿಡಿದು ಮುಖವನ್ನು ಪುಸ್ತಿಕೆಗೆ ಒತ್ತಿದ. ಮೊನ್ನೆ ಮೊನ್ನೆ ವಾಸಿಯಾದ ಮೂಗು ಮತ್ತೆ ಒಡೆಯಿತು. "ನೀ ಓದೋ! ಓದೋ ನೋಡೋಣ!" ನಾಲ್ವರು ಸೇರಿ ಬಿಡಿಸಿದರು.

ಸುತ್ತಿಗೆ ಏದುಸಿರು ಬಿಡುತ್ತ ಅಂಗಿಯ ತೋಳು ಮಡಚಿ ತೋರಿಸಿದ. "ಇವತ್ತಿನ ಮೂರು ಇಲ್ಲಿವೆ ಸಾರ್. ನೀವು ಕೇಳಿದ್ದು ನಾಳೆ ಬರತ್ತೆ."

ಮ್ಯಾನೇಜರು ರಕ್ತ ಮೆತ್ತಿದ ಹಾಳೆ ನೋಡಿದರು, ತೋಳನ್ನೂ ನೋಡಿದರು. "ಮಷಿನ್ನು ನಿಂದೇ. ಕೈ ಮಾಡಿದ್ದಕ್ಕೆ ಒಂದು ವಾರ ಮನೇಲಿರು, ಸಂಬಳ ಇಲ್ಲ."

ಗೇಟಿನ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದ. ಮೊದಲು ಮಷಿನ್ನಿನ ವಿಷಯ ಹೇಳಿದ, ಆಮೇಲೆ ಮೂಗಿನದು.

"ಬಾ ಮನೆಗೆ," ಎಂದಳು ಅಕ್ಕ. "ಎರಡೂ ಕಿವಿ ಸಮೇತ ಬಾ."