ಸಹಿ ಮಾಡದ ಜಯಮಾಲಾ

ಜಯಮಾಲಾಳ ನೌಕರಿ ಏನೆಂದು ಜೇವರ್ಗಿ ತಾಲೂಕಿನ ಕೊಳಕೂರಿನವರು ಇವತ್ತಿಗೂ ಸರಿಯಾಗಿ ಹೇಳಲಾರರು. ಹೈದರಾಬಾದಿನಲ್ಲಿ ಔಷಧ ತಯಾರಿಸುತ್ತಾಳೆ ಎನ್ನುತ್ತಾರೆ.

"ಮಾಡಾವ್ರು ಬ್ಯಾರೆ ಅದಾರ. ಮಾಡಿದ್ದು ಬರೋಬರಿ ಐತೋ ಇಲ್ಲೋ ನೋಡಿ, ಹೊರಗ ಬಿಡಬೇಕೋ ಬ್ಯಾಡೋ ಅಂತ ಹೇಳಾವ್ರು ನಾವು," ಎಂದು ಅವಳು ಎಷ್ಟು ಸಲ ಬಿಡಿಸಿ ಹೇಳಿದರೂ ಅಪ್ಪ ಶಾಂತಕುಮಾರನಿಗೆ ಅದು ಗುಮಾಸ್ತಿಕೆಯಂತೆಯೇ ಕೇಳಿಸುತ್ತಿತ್ತು.

ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ, ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಅವಳಿಗೆ ಹಾವಿನ ವಿಷಕ್ಕೆ ಮದ್ದು ತಯಾರಿಸುವ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಸಿಕ್ಕಿತು. ವಿಭಾಗದ ಮುಖ್ಯಸ್ಥ ಧೀರೇಂದ್ರ ಅಫಜಲಪುರದವರು. ನಮ್ಮ ಕಡೆಯ ಹುಡುಗಿ ಎಂದು ಮುತುವರ್ಜಿಯಿಂದ ಕೆಲಸ ಕಲಿಸಿದರು. ಕಂಡದ್ದನ್ನು ಆಗಿಂದಾಗ ಬರೆಯಬೇಕು, ಬರೆದದ್ದನ್ನು ಅಳಿಸಬಾರದು ಎಂದು ಮೊದಲ ದಿನ ಹೇಳಿಕೊಟ್ಟವರೇ ಅವರು.

ನಾಲ್ಕನೆಯ ವರ್ಷ, ಮೇ ತಿಂಗಳ ಒಂದು ಸೋಮವಾರ, ಶೀತಕೋಣೆಯ ತಾಪಮಾನದ ಚಾರ್ಟ್ ನೋಡಿ ಜಯಮಾಲಾ ಹೌಹಾರಿದಳು. ಎಂಟು ಡಿಗ್ರಿ ದಾಟಬಾರದ ಕೋಣೆ ಶುಕ್ರವಾರ ಸಂಜೆಯಿಂದ ಮೂವತ್ತೆಂಟರಲ್ಲಿ ಬೆಂದಿತ್ತು. ಒಳಗೆ ಹನ್ನೊಂದು ಸಾವಿರ ಸೀಸೆಗಳು. ಬುಧವಾರ ಲಾರಿ ಹತ್ತಬೇಕಾದವು. ಮಾಲು ತಡೆಹಿಡಿಯಲಾಗಿದೆ ಎಂಬ ಚೀಟಿ ಅಂಟಿಸಿ ಧೀರೇಂದ್ರರ ಬಳಿ ಓಡಿದಳು.

ಅವರು ಬಾಗಿಲು ಮುಚ್ಚಿಸಿದರು. "ಮೀಟರ್ ಕೆಟ್ಟಿತ್ತು ಅಂತ ಬರಿ. ಹೊಸಾ ಚಾರ್ಟ್ ಕೊಡ್ತೇನಿ, ಸಹಿ ಮಾಡು."

"ತಪಾಸಣಿ ಮಾಡಸೂಣ್ರಿ ಸರ್. ತಾಕತ್ತು ಉಳದಿದ್ರ ಬಿಡೂಣು."

"ಮೂರು ವಾರ ಹಿಡೀತದ. ಇದೇನ್ ಹೊರದೇಶಕ್ಕ ಹೋಗೂ ಮಾಲೇನು? ಆಳಂದ, ಜೇವರ್ಗಿಯಂಥಾ ಸರ್ಕಾರಿ ದವಾಖಾನಿಗೆ ಹೋಗಾದು. ಅಲ್ಲಿ ಯಾರ್ ಕೇಳ್ತಾರ?"

ಜಯಮಾಲಾಳ ಮೈಯೆಲ್ಲ ಉರಿದುಹೋಯಿತು. ಹತ್ತಿ ಬಿಡಿಸುವಾಗ ಹಾವು ಕಚ್ಚಿದ ಪಕ್ಕದ ಮನೆಯ ಚಾಂದಬೀಯನ್ನು ಅಪ್ಪನೇ ಬೈಕಿನಲ್ಲಿ ಜೇವರ್ಗಿಗೆ ಒಯ್ದಿದ್ದ. ಅವಳ ಜೀವ ಉಳಿಸಿದ್ದು ಇಂಥವೇ ಹತ್ತು ಸೀಸೆಗಳು. ಆ ನೆಲದಲ್ಲೇ ಹುಟ್ಟಿ ಬೆಳೆದ ಮನುಷ್ಯನೇ 'ಯಾರು ಕೇಳುತ್ತಾರೆ' ಎನ್ನುತ್ತಾನಲ್ಲ.

"ನಾ ಕೇಳ್ತೇನ್ರಿ ಸರ್," ಎಂದಳು. "ನಿಮ್ಮ ಮನ್ಯಾಗ ಯಾರಿಗಾರ ಹಾವು ಕಡದ್ರ ಇದನ್ನ ಹಾಕಸ್ತೀರೇನ್ರಿ?"

ಅವರು ಎದ್ದು ಬಾಗಿಲು ತೆರೆದರು. ಮರುದಿನ ನೋಡಿದರೆ ಅವಳ ಚೀಟಿಯನ್ನು ಕಿತ್ತುಹಾಕಿದ್ದರು. ಹೊಸ ಚಾರ್ಟಿನ ಕೆಳಗೆ ಸಹೋದ್ಯೋಗಿ ಸುಶಾಂತನ ಸಹಿ ಇತ್ತು. ಆ ಮಧ್ಯಾಹ್ನವೇ ಅವಳು ಸೋಮವಾರ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಹಳೆಯ ಚಾರ್ಟಿನ ಫೋಟೊ ಸಮೇತ ಔಷಧ ನಿಯಂತ್ರಣ ಇಲಾಖೆಯ ಕಚೇರಿಗೇ ಹೋಗಿ ದೂರು ಬರೆದುಕೊಟ್ಟಳು.

ಬುಧವಾರ ಅಧಿಕಾರಿಗಳು ಗೇಟಿನಲ್ಲೇ ಲಾರಿ ತಡೆದರು. ತಪಾಸಣೆಯಲ್ಲಿ ಕೆಲವು ಸೀಸೆಗಳ ಮದ್ದು ಮಬ್ಬಾಗಿತ್ತು, ಉಳಿದವುಗಳ ಶಕ್ತಿ ಕಡ್ಡಾಯ ಮಟ್ಟಕ್ಕಿಂತ ಕೆಳಗಿಳಿದಿತ್ತು. ಹನ್ನೊಂದು ಸಾವಿರವನ್ನೂ ನಾಶ ಮಾಡಿಸಿದರು.

ಆದರೆ ಕಂಪನಿ ನೋಟಿಸು ಕೊಟ್ಟದ್ದು ಜಯಮಾಲಾಳಿಗೆ, ದಾಖಲೆಯನ್ನು ಹೊರಗೆ ಕೊಟ್ಟಳೆಂದು. ಧೀರೇಂದ್ರರನ್ನು ಬಡ್ತಿ ಕೊಟ್ಟು ಇನ್ನೊಂದು ಘಟಕಕ್ಕೆ ಕಳಿಸಿದರು. ಅವಳು ರಾಜೀನಾಮೆ ಎಸೆದು ಊರಿಗೆ ಬಂದಳು.

"ಸಾಹೇಬ್ರು ಹೇಳಿದ ಮ್ಯಾಲ ಒಂದ್ ಸಹಿ ಮಾಡಿದ್ರ ಏನಾಗತಿತ್ತು?" ಎಂದ ಅಪ್ಪ.

ರೊಟ್ಟಿ ಬಡಿಯುತ್ತಿದ್ದ ಅವ್ವ ಹೀರಾಬಾಯಿ ಕೈ ನಿಲ್ಲಿಸಿದಳು. "ಏನಾಗತಿತ್ತು ಅಂತ ಚಾಂದಬೀನ್ನ ಕೇಳಿ ಬರ್ರಿ."



ಮುಂದೆ ಮೂರು ಕಂಪನಿಗಳು ಹಳೆಯ ನೌಕರಿ ಬಿಟ್ಟ ಕಾರಣ ಕೇಳಿ ಅವಳನ್ನು ವಾಪಸ್ಸು ಕಳಿಸಿದವು. ನಾಲ್ಕನೆಯದು ಅದೇ ಕಾರಣಕ್ಕೆ ತೆಗೆದುಕೊಂಡಿತು. ಈಗ ಅಲ್ಲಿ ಅವಳ ಸಹಿಯಿಲ್ಲದೆ ಒಂದು ಸೀಸೆಯೂ ಹೊರಬೀಳುವುದಿಲ್ಲ. ಆದರೂ ಅವಳ ಸಿಟ್ಟು ಇಳಿದಿಲ್ಲ. ಅಷ್ಟು ಸಲೀಸಾಗಿ ಹೊಸ ಚಾರ್ಟ್ ತಂದವರು ಹಿಂದೆ ಎಷ್ಟು ಸಲ ತಂದಿದ್ದರು, ಆ ಸೀಸೆಗಳು ಯಾರ ಮೈಗೆ ಹೋದವು ಎಂದು ಯಾರೂ ತನಿಖೆ ಮಾಡಲಿಲ್ಲ. ಇಲಾಖೆಗೆ ಮೂರು ಪತ್ರ ಬರೆದಿದ್ದಾಳೆ, ಉತ್ತರವಿಲ್ಲ. ಕಳೆದ ವಾರ ನಾಲ್ಕನೆಯದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದಳು.